ಸೇತುವೆಯ ಕೆಳಗೆ ಸುರಿದ ಕಪ್ಪೆಚಿಪ್ಪುಗಳು

ಅಮ್ಮನ ಕಣ್ಣಿನ ಆಪರೇಷನ್ ಮಾಡಿಸಿ, ಹತ್ತು ದಿನ ಆರೈಕೆ ಮಾಡಿ ಅವಳು ಲ್ಯಾಬಿಗೆ ಮರಳಿದಾಗ ತೊಟ್ಟಿಗಳಲ್ಲಿ ಬರೀ ನೀರಿತ್ತು. ಮೂರು ವರ್ಷ ಸಾಕಿದ ಎಂಟುನೂರ ನಲವತ್ತು ಕಪ್ಪೆಚಿಪ್ಪುಗಳಲ್ಲಿ ಒಂದೂ ಇರಲಿಲ್ಲ.

"ಎಲ್ಲಿ?" ಎಂದಳು.

ಅಟೆಂಡರು ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದ. "ಸಾರೇ ತಗೊಂಡು ಹೋದ್ರು ಮೇಡಂ. ನೀವು ಹೋದ ಮಾರನೇ ದಿನ. ದೊಡ್ಡವರು ಯಾರೋ ನೋಡೋಕೆ ಬಂದಿದ್ರು. ಸೇತುವೆ ಹತ್ರ ಹೊಳೆಗೆ ಬಿಟ್ಟು ಫೋಟೋ ತೆಗೆಸ್ಕೊಂಡ್ರು. ಬಕೆಟ್ಟಿಂದ ಜಲ್ಲಿ ಸುರಿದ ಹಾಗೆ ಸುರಿದ್ರು. ಮೇಡಂ ಬರ್ಲಿ ಅಂದೆ. ನನ್ನ ಮಾತು ಯಾರು ಕೇಳ್ತಾರೆ?"

ಸಾರ್ ಎಂದರೆ ಅವಳ ಪಿಎಚ್.ಡಿ. ಗೈಡ್. ಆ ಹೊಳೆಯಲ್ಲಿ ಈ ಜಾತಿಯ ಚಿಪ್ಪು ಕಣ್ಣಿಗೆ ಬೀಳದೆ ಎಷ್ಟೋ ಕಾಲವಾಗಿತ್ತು. ಇದರ ಮರಿ ಮೊದಲು ಮೀನಿನ ಕಿವಿರಿಗೆ ಅಂಟಿಕೊಂಡು ಬದುಕಬೇಕು. ಅಲ್ಲಿಂದ ಉದುರಿದಾಗ ಮರಳಿನ ಕಣದಷ್ಟಿರುತ್ತದೆ. ಅವನ್ನು ಒಂದೊಂದಾಗಿ ಎತ್ತಿ, ಪಾಚಿ ಬೆಳೆಸಿ ತಿನ್ನಿಸಿ, ಉಗುರಿನಷ್ಟಾದ ಮೇಲೆ ಬೆನ್ನಿಗೆ ನಂಬರು ಅಂಟಿಸಿದವಳು ಅವಳು. ಸೇತುವೆ ಕೆಲಸದಿಂದ ಹೊಳೆಯ ತಳದಲ್ಲಿ ಮೊಣಕಾಲುದ್ದ ಕೆಸರು ಕೂತಿದೆ, ಈ ವರ್ಷ ಬಿಡುವುದು ಬೇಡ ಎಂದು ಎರಡು ಸಲ ಬರೆದುಕೊಟ್ಟಿದ್ದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಅವಳಿಗೆ ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಶಾಲೆಯ ವ್ಯಾನು ಓಡಿಸುವ ಅಕ್ಕನಿಗೆ ಫೋನು ಮಾಡಿದಳು.

ನಾಲ್ಕು ದಿನ ಅಕ್ಕತಂಗಿಯರಿಬ್ಬರೂ ಸೇತುವೆಯ ಕೆಳಗೆ ಕೆಸರು ತಡಕಿದರು.

"ಇದಕ್ಕೇನಾ ನೀನು ನನ್ನ ಮಗಳ ಹುಟ್ಟುಹಬ್ಬಕ್ಕೂ ಬರದೆ ಇದ್ದಿದ್ದು?" ಅಕ್ಕ ಒಂದು ಚಿಪ್ಪನ್ನು ತಿರುಗಿಸಿ ನೋಡಿದಳು. ಅದು ಬಾಯಿ ತೆರೆದಿತ್ತು, ಒಳಗೆ ಕೆಸರು ತುಂಬಿತ್ತು.

"ಹೂಂ."

ಅಕ್ಕ ಪ್ಯಾಂಟನ್ನು ಇನ್ನೊಂದು ಮಡಿಕೆ ಮೇಲೆತ್ತಿ ಮುಂದಕ್ಕೆ ಹೋದಳು.

ಬದುಕಿದ್ದವು ನೂರ ಹತ್ತೊಂಬತ್ತು; ಅವು ತೊಟ್ಟಿಗೆ ಮರಳಿದವು. ಸತ್ತು ಸಿಕ್ಕಿದವು ಐನೂರ ಎರಡು. ಉಳಿದವು ಸಿಗಲೇ ಇಲ್ಲ.

ಗೈಡ್ ಅವಳು ಬರೆದ ವರದಿ ಓದಿ ಕನ್ನಡಕ ತೆಗೆದರು. "ಹರಿವಿಗೆ ಚದುರಿ ಹೋದವು ಅಂತ ಬರಿ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಸಾಯೋದೆಲ್ಲ ಸತ್ತಾಗಿದೆ ಸಾರ್. ನಾನು ಎಣಿಸಿದ್ದೀನಿ."

"ಥೀಸಿಸ್ ಮುಗೀಬೇಕೋ ಬೇಡ್ವೋ?"

"ಮುಗೀಬೇಕು. ಸುಳ್ಳು ಬರೆದಲ್ಲ."

"ನೀರಿನ ಹುಳಕ್ಕೆ ಇಷ್ಟು ರಂಪನಾ?" ಎಂದರು ಅವರು. ಅವಳು ಬಾಗಿಲನ್ನು ಎಳೆದುಕೊಂಡ ಸದ್ದಿಗೆ ಪಕ್ಕದ ಕೋಣೆಯವರು ಎದ್ದು ಬಂದು ನೋಡಿದರು.

ವರ್ಷದ ಪರಿಶೀಲನಾ ಸಭೆಗೆ ಅವಳು ಆ ಐನೂರ ಎರಡು ಚಿಪ್ಪುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಮೇಜಿನ ಮೇಲೆ ಸುರಿದಳು. ಬಿಸ್ಕತ್ತಿನ ತಟ್ಟೆಯವರೆಗೆ ಹರಡಿದವು. ಸಮಿತಿಯ ಹಿರಿಯ ಪ್ರೊಫೆಸರಮ್ಮ ಒಂದನ್ನು ಎತ್ತಿ ನಂಬರು ಓದಿದರು.

"ಇವನ್ನ ಬಿಟ್ಟಿದ್ದು ಯಾರಮ್ಮ?"

"ನಾನಲ್ಲ ಮೇಡಂ. ಆವತ್ತು ಆಸ್ಪತ್ರೆಯಲ್ಲಿದ್ದೆ. ಬಿಡಬೇಡಿ ಅಂತ ಬರೆದ ಎರಡು ಪತ್ರ ಇಲ್ಲಿವೆ." ಅವಳು ಪತ್ರಗಳನ್ನು ಮುಂದಕ್ಕೆ ತಳ್ಳಿದಳು. "ಬಿಟ್ಟವರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ, ಅವರನ್ನೇ ಕೇಳಿ."

ಗೈಡ್ ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡರು.

ಅವರಿಗೆ ಶಿಕ್ಷೆಯೇನೂ ಆಗಲಿಲ್ಲ. ಬಕೆಟ್ ಹಿಡಿದು ನಗುತ್ತಿರುವ ಅವರ ಫೋಟೋ ಕಟ್ಟು ಹಾಕಿಸಿಕೊಂಡು ಮೆಟ್ಟಿಲ ಬಳಿ ನೇತಾಡಿತು. ಅವಳನ್ನು ಪ್ರೊಫೆಸರಮ್ಮ ತಮ್ಮ ಕೈಕೆಳಗೆ ತೆಗೆದುಕೊಂಡರು. ಇನ್ನೂ ಎರಡು ವರ್ಷ ಹೆಚ್ಚು ದುಡಿಯಬೇಕಾಯಿತು. "ಹೋಗ್ಲಿ ಬಿಡೇ, ಕೋಪ ಇಟ್ಕೊಂಡವರನ್ನೇ ಸುಡುತ್ತೆ" ಎಂದು ಅಮ್ಮ ಹೇಳಿದಳು. ಅವಳು ಬಿಡಲಿಲ್ಲ.

ಒಂದು ಬೆಳಿಗ್ಗೆ ಕಾರಿಡಾರಿನಲ್ಲಿ ಹಳೆಯ ಗೈಡ್ ಎದುರಾಗಿ, "ಏನಮ್ಮ, ಕೋಪ ಇಳೀತಾ?" ಎಂದು ನಕ್ಕರು.

"ಇಲ್ಲ ಸಾರ್," ಎಂದಳು. ಚಿಪ್ಪಿನ ಮರಿಗಳಿಗೆಂದು ತಂದ ಹೊಸ ಮೀನುಗಳಿದ್ದ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ನೀರು ತುಳುಕದಂತೆ ಮೆಟ್ಟಿಲು ಹತ್ತಿದಳು.