ಎಡಗೈ ಕೊಯ್ಲುಗಾರ

"ಹೊತ್ತಾಯ್ತು, ಎತ್ರಪ್ಪಾ" ಎಂದು ಪಾದ್ರಿ ಅವಸರಪಡಿಸುತ್ತಿದ್ದಾಗಲೇ ಸೆರಾಫೀನ್ ಒಳಗೆ ಬಂದ. ಮೂವತ್ತು ವರ್ಷದಿಂದ ತಂಗಿಯ ಹೊಸ್ತಿಲು ತುಳಿಯದವನು. ಶವಪೆಟ್ಟಿಗೆಯಲ್ಲಿ ಅವಳ ಗಂಡ ಲೀವನ್ ಮಲಗಿದ್ದ. ಸಾವಿನ ಮನೆಯಲ್ಲವೇ, ಗೋಡೆಯ ಕನ್ನಡಿಗೆ ಕರಿಬಟ್ಟೆ ಹೊದಿಸಿದ್ದರು.

"ಬಂದ್ಯಾ ಅಣ್ಣ," ತಂಗಿ ಗೋಡೆಲೀವ ಅತ್ತಳು. "ಮುಂದಿನ ಹೆಗಲು ನೀನೇ ಕೊಡ್ಬೇಕಂತೆ. ಹೇಳಿಯೇ ಹೋದ್ರು."

"ಕೊಡ್ತೀನಿ ಬಿಡು. ಸತ್ತೋನ ಮೇಲೆ ಎಂಥಾ ಹಗೆ."

"ಇದನ್ನೂ ನಿಂಗೇ ಕೊಡೋಕೆ ಹೇಳಿದ್ರು."

ಅವಳು ಕೊಟ್ಟ ಬಟ್ಟೆಗಂಟು ಬಿಚ್ಚಿದರೆ, ಚಿತ್ರ ಒತ್ತಲು ಕೆತ್ತಿದ ಮರದ ಅಚ್ಚು.

*

ಲೀವನ್ ಕ್ಯಾಲೆಂಡರಿಗೆ ಚಿತ್ರ ಕೆತ್ತುವವನು. ಮೂವತ್ತು ವರ್ಷದ ಹಿಂದೆ, ಆಗಸ್ಟ್ ತಿಂಗಳ ಚಿತ್ರಕ್ಕೆ, ಊರಿಗೇ ಮೊದಲ ಕೊಯ್ಲುಗಾರನಾದ ಹೆಂಡತಿಯ ಅಣ್ಣನನ್ನೇ ಆರಿಸಿಕೊಂಡ. ಗೋಧಿ ಹೊಲದಲ್ಲಿ ಕೂತು, ಕಂಡದ್ದನ್ನು ಕಂಡಂತೆ ಮರಕ್ಕಿಳಿಸಿದ. ಕಾಗದಕ್ಕೆ ಒತ್ತಿದಾಗ ಬಲ ಎಡವಾಗುತ್ತದೆ ಎಂಬುದನ್ನೇ ಖುಷಿಯಲ್ಲಿ ಮರೆತ. ಫ್ಲಾಂಡರ್ಸ್ ಸೀಮೆಯ ಮನೆಮನೆಯ ಗೋಡೆಯಲ್ಲಿ ಸೆರಾಫೀನ್ ಎಡಚನಾಗಿ ನಿಂತ. ಕೊಯ್ಲಿನ ಸಾಲಿನಲ್ಲಿ ಒಬ್ಬ ಎಡಗೈಯಲ್ಲಿ ಆಳುದ್ದ ಹಿಡಿಯ ಕುಡುಗೋಲು ಬೀಸಿದರೆ ಪಕ್ಕದವನ ಕಾಲೇ ಹೋದೀತು.

"ಏಯ್ ಎಡಚಾ, ದೂರ ನಿಲ್ಲಪ್ಪಾ, ನಂಗಿರೋದು ಎರಡೇ ಕಾಲು!" ಬಿಯರ್ ಅಂಗಡಿಯಲ್ಲಿ ನಗೆಯೋ ನಗೆ.

ಲೀವನ್ ಮೂರು ಸಲ ಹೋಗಿ ಬಾಗಿಲು ತಟ್ಟಿದ. "ತಪ್ಪಾಯ್ತು ಭಾವ, ತೆಗೀರಿ." ಸೆರಾಫೀನ್ ತೆಗೆಯಲಿಲ್ಲ. ಹಟಕ್ಕೆ ಮದ್ದೆಲ್ಲಿದೆ!

*

ಈಗ ಈ ಅಚ್ಚಿನ ಮೇಲೂ ಅದೇ ಕೊಯ್ಲುಗಾರ, ಅದೇ ಎಡಗೈ.

"ಸಾಯೋವಾಗ್ಲೂ ಆಡಿಕೊಂಡನಲ್ಲೇ!" ಸೆರಾಫೀನ್ ಅಚ್ಚನ್ನು ಮೇಜಿನ ಮೇಲೆ ಕುಕ್ಕಿದ.

"ಅಣ್ಣಾ, ಅದು ಹಾಗಲ್ಲ..."

"ಬಾಯ್ಮುಚ್ಚು! ಹೆಗಲೂ ಇಲ್ಲ, ಮಣ್ಣೂ ಇಲ್ಲ."

ಪಾದ್ರಿ ಮತ್ತೆ ಕೂಗಿದರು. ಬ್ರೆಡ್ಡಿನ ಅಂಗಡಿಯವನು ಮುಂದೆ ಬಂದು ಹೆಗಲು ಕೊಟ್ಟ. ಇಗರ್ಜಿಯ ಗಂಟೆಯೊಂದಿಗೆ ಹೆಣ ಹೊರಟಿತು. ಸೆರಾಫೀನ್ ಖಾಲಿ ಮನೆಯಲ್ಲಿ ಒಬ್ಬನೇ ಕುರ್ಚಿ ಎಳೆದು ಕೂತ.

ಮಣ್ಣು ಮುಗಿಸಿ ಗೋಡೆಲೀವ ಬಂದಾಗಲೂ ಅಲ್ಲೇ ಇದ್ದ. ಅವಳು ಸೀದಾ ಹೋಗಿ ಕನ್ನಡಿಯ ಕರಿಬಟ್ಟೆ ಎಳೆದು, ಅಚ್ಚನ್ನು ಅದರೆದುರು ಹಿಡಿದಳು.

"ನೋಡು. ಒತ್ತಿದ್ರೆ ಕಾಗದದ ಮೇಲೆ ಹೀಗೆ ಬರುತ್ತೆ. ನಡುಗೋ ಕೈಯಲ್ಲಿ ಎರಡು ಚಳಿಗಾಲ ಕೆತ್ತಿದ್ರು."

ಕನ್ನಡಿಯಲ್ಲಿ ಹರೆಯದ ಸೆರಾಫೀನ್ ಬಲಗೈಯಲ್ಲಿ ಬೀಸುತ್ತಿದ್ದ. ಗೋಧಿ ಎಡಕ್ಕೆ, ಸರಿಯಾಗಿ ಬಿದ್ದಿತ್ತು.

"ಅಯ್ಯೋ ದೇವರೇ... ಆಗ್ಲೇ ಹೇಳ್ಬಾರ್ದಿತ್ತೇನೇ?"

"ಹೇಳೋಕೆ ಬಿಟ್ಯಾ?"

ಅಂಗಳದಲ್ಲಿ ಹೆಣ ಹೊತ್ತವರು ಬೂಟಿನ ಮಣ್ಣು ಒದರುತ್ತಿದ್ದರು. ಸೆರಾಫೀನ್ ಬಲಗೈ ಎತ್ತಿ ಕಣ್ಣೊರೆಸಿಕೊಂಡ. ಕನ್ನಡಿಯೊಳಗಿನ ಮುದುಕ ಎಡಗೈ ಎತ್ತಿ ಒರೆಸಿಕೊಂಡ.