ಮರ್ಯಾದೆಯ ಕಾಯಿಲೆ

ಕೆಲಸಗಾರರ ಆರೋಗ್ಯ ತಪಾಸಣೆ ನಡೆಯುತ್ತಿದ್ದುದು ಅರ್ಧ ಎದ್ದ ಕಟ್ಟಡದ ಪಕ್ಕದ ಊಟದ ಶೆಡ್ಡಿನಲ್ಲಿ. ಎರಡು ಬೆಂಚು ಜೋಡಿಸಿದರೆ ಮಂಚ, ಹಗ್ಗದ ಮೇಲೆ ಬೆಡ್‌ಶೀಟು ಎಳೆದರೆ ಗೋಡೆ. ಆ ಗೋಡೆ ಕಣ್ಣಿಗೆ ಮರೆಯಾಗಿತ್ತೇ ಹೊರತು ಕಿವಿಗಲ್ಲ. ಯಾರಿಗೆ ಮೂಲವ್ಯಾಧಿ, ಬಿಟ್ಟೆನೆಂದ ಸಿಗರೇಟನ್ನು ಯಾರು ಇನ್ನೂ ಬಿಟ್ಟಿಲ್ಲ ಎಂಬುದೆಲ್ಲ ಹೊರಗೆ ಸಾಲು ನಿಂತವರಿಗೆ ಬಿಟ್ಟಿಯಾಗಿ ತಿಳಿದು, ಮಧ್ಯಾಹ್ನದ ಊಟದ ಜೊತೆ ನೆಂಚಿಕೊಳ್ಳಲು ಒದಗುತ್ತಿತ್ತು.

ಗಿಡುಗನ ಸರದಿ ಬಂದಾಗ ಅವನ ಬೆನ್ನಿಗೇ ನಿಂತಿದ್ದವನು ರೇಡಿಯೊ. ಗಿಡುಗ ಟವರ್ ಕ್ರೇನು ನಡೆಸುವವನು. ದಿನವಿಡೀ ಮೇಲೆ ಕೂತು ಜನರ ನೆತ್ತಿ ನೋಡುತ್ತಾನೆಂದು ಆ ಹೆಸರು. ರೇಡಿಯೊ ನೆಲದ ಮೇಲೆ ನಿಂತು ವಾಕಿಟಾಕಿಯಲ್ಲಿ ಅವನಿಗೆ ಎತ್ತು, ಇಳಿಸು, ತಿರುಗಿಸು ಎನ್ನುವವನು. ವಾಕಿಟಾಕಿ ಆರಿಸಿದ ಮೇಲೂ ಅವನ ಬಾಯಿ ಆರುತ್ತಿರಲಿಲ್ಲವೆಂದು ಆ ಹೆಸರು.

ಎದೆಗೆ ತಂತಿ ಅಂಟಿಸುತ್ತ ಡಾಕ್ಟರು ಕೇಳಿದರು, “ಏನಾದ್ರೂ ಮಾತ್ರೆ ತಗೋತೀರಾ?”

ಬೆಡ್‌ಶೀಟಿನಾಚೆ ರೇಡಿಯೊನ ಮಾತು ಗಕ್ಕನೆ ನಿಂತಿತು. ಅವನು ಬಾಯಿ ಮುಚ್ಚಿದನೆಂದರೆ ಮೈಯೆಲ್ಲ ಕಿವಿಯಾದನೆಂದೇ ಅರ್ಥ.

“ಇಲ್ಲ” ಎಂದ ಗಿಡುಗ.

“ಯಾವುದೂ?”

“ತಲೆನೋವಿಗೂ ಮುಟ್ಟಲ್ಲ ಡಾಕ್ಟ್ರೇ.”

ಹೋದ ವರ್ಷದಿಂದ ಅವನು ದಿನಾ ಬೆಳಿಗ್ಗೆ ಖಿನ್ನತೆಗೊಂದು ಮಾತ್ರೆ ನುಂಗುತ್ತಿದ್ದ. ಇಷ್ಟು ದಪ್ಪನೆಯ ಸುಳ್ಳು ಹೇಳಿಯೂ ಎದೆ ಡವಗುಟ್ಟಲಿಲ್ಲ. ಅದೂ ಆ ಮಾತ್ರೆಯದೇ ಉಪಕಾರ.

ಮೊದಲು ಶುರುವಾದದ್ದು ಅಳು. ಕೆಲಸ ಮುಗಿಸಿ ಕ್ರೇನಿನ ಏಣಿ ಇಳಿಯುವಾಗ, ಅರ್ಧ ದಾರಿಯಲ್ಲಿ, ಹಿಂದಿಲ್ಲ ಮುಂದಿಲ್ಲ, ಅಳು ಬರುತ್ತಿತ್ತು. ಎತ್ತರದ ಭಯವಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಇವನದು ನೆಲದ ಭಯ. ಊರಿನ ಇನ್ನೊಂದು ತುದಿಗೆ ಹೋಗಿ, ಕಳ್ಳನ ಹಾಗೆ ಹಿಂದೆ ಮುಂದೆ ನೋಡಿ, ಮನೋವೈದ್ಯರ ಬಾಗಿಲೊಳಗೆ ನುಸುಳಿದ್ದ. ಮಾತ್ರೆ ಹಿಡಿಸಿತು. ಅಳು ನಿಂತಿತು, ಮಾತುಮಾತಿಗೆ ಹಾರುತ್ತಿದ್ದ ಎದೆಯೂ ತನ್ನ ಜಾಗದಲ್ಲಿ ಕೂತಿತು. ಗಾಳಿಗೆ ಕಬ್ಬಿಣದ ಹೊರೆ ತೂಗಾಡಿದಾಗಲೂ ಇವನು ತಣ್ಣಗಿರುವುದನ್ನು ಕಂಡು “ಗುಂಡಿಗೆ ಅಂದ್ರೆ ಇವನದು” ಎಂದು ಮೇಸ್ತ್ರಿ ಬೆನ್ನು ತಟ್ಟಿದ. ಮಾತ್ರೆಗೆ ಸಲ್ಲಬೇಕಾದ ಹೊಗಳಿಕೆಯನ್ನು ತಾನು ಜೇಬಿಗಿಳಿಸಿದೆನೆಂದು ಗಿಡುಗನಿಗೆ ಆಗಲೇ ನಾಚಿಕೆಯಾಗಿತ್ತು.

ಮಾತ್ರೆಯನ್ನು ಮನೆಯಲ್ಲಿಟ್ಟರೆ ಹೆಂಡತಿಯ ಕಣ್ಣಿಗೆ ಬೀಳುತ್ತದೆ, ಜೇಬಿನಲ್ಲಿಟ್ಟರೆ ರೇಡಿಯೊನ ಕೈಗೆ. ಆದ್ದರಿಂದ ಡಾಕ್ಟರ ಚೀಟಿ ಸಮೇತ ಕ್ರೇನಿನ ಕ್ಯಾಬಿನ್ನಿನಲ್ಲಿ, ಸೀಟಿನಡಿ ತುರುಕಿದ್ದ. ಭೂಮಿಯ ಮೇಲೆ ಅಷ್ಟು ಭದ್ರವಾದ ಜಾಗ ಇನ್ನೊಂದಿರಲಿಲ್ಲ, ಏಕೆಂದರೆ ಅದು ಭೂಮಿಯ ಮೇಲಿರಲಿಲ್ಲ. ರಜೆಯ ದಿನದ್ದನ್ನು ಮಾತ್ರ ಕಾಲುಚೀಲದಲ್ಲಿ ಸಿಕ್ಕಿಸಿಕೊಂಡು ಬರುತ್ತಿದ್ದ.

ಯಂತ್ರದಿಂದ ಹೊರಬಂದ ಕಾಗದವನ್ನು ಡಾಕ್ಟರು ಬೆಳಕಿಗೆ ಹಿಡಿದರು. “ಒಂದ್ಸಲ ಬಡಿದ ಹೃದಯ ಮತ್ತೆ ಬಡಿಯೋಕೆ ಸಜ್ಜಾಗ್ಬೇಕಲ್ಲ, ಅದಕ್ಕೆ ನಿಮ್ಮದು ಜಾಸ್ತಿ ಹೊತ್ತು ತಗೋತಿದೆ. ಇಲ್ಲಿ ನೋಡಿ, ಗೆರೆ ಉದ್ದವಾಗಿದೆ. ಕೆಲವು ಮಾತ್ರೆಗಳಿಂದ ಹೀಗಾಗುತ್ತೆ. ನೀವು ತಗೊಳ್ಳಲ್ಲ ಅಂತೀರಿ. ಹಾಗಾದ್ರೆ ಹುಟ್ಟಿನಿಂದ ಬಂದಿರ್ಬಹುದು. ದೊಡ್ಡಾಸ್ಪತ್ರೇಲಿ ತೋರಿಸೋವರೆಗೂ ಕ್ರೇನ್ ಹತ್ಬೇಡಿ. ಮಕ್ಕಳಿದ್ದಾರಾ?”

“ಒಬ್ಳು ಮಗಳು.”

“ಅವಳನ್ನೂ ಕರ್ಕೊಂಡು ಹೋಗಿ. ವಂಶದಲ್ಲಿ ಬರೋ ಕಾಯಿಲೆ ಇದು. ಅಲ್ಲೀವರೆಗೂ ಓಡೋದು, ಈಜೋದು ಏನೂ ಬೇಡ.”

ಗಿಡುಗ ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡ. ಮಗಳು ಈಜುವವಳು. ಮುಂದಿನ ವಾರ ತಂಡಕ್ಕೆ ಆಯ್ಕೆಯಿತ್ತು. ಬಾಯಿ ತೆರೆಯಲು ಅದೇ ಸರಿಯಾದ ಹೊತ್ತು. ಆದರೆ ಬೆಡ್‌ಶೀಟಿನ ಕೆಳಗೆ ರೇಡಿಯೊನ ಬೂಟುಗಳು ಅಲುಗಾಡದೆ ನಿಂತಿದ್ದವು.

ಅವನು ಮನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು.

ಹೃದಯದ ಕಾಯಿಲೆಗೆ ಇಷ್ಟು ಮರ್ಯಾದೆಯಿದೆಯೆಂದು ಗಿಡುಗನಿಗೆ ಗೊತ್ತಿರಲಿಲ್ಲ. ಮಾತು ಬಿಟ್ಟಿದ್ದ ಪಕ್ಕದ ಮನೆಯವರು ಹಣ್ಣು ಹಿಡಿದು ಬಂದರು. ಹೆಂಡತಿ ಅವನ ಕೈಯಿಂದ ನೀರಿನ ಕೊಡ ಕಿತ್ತುಕೊಂಡಳು. ರೇಡಿಯೊ ಕುರ್ಚಿ ಎಳೆದುಕೊಂಡು, “ದೊಡ್ಡ ಹೃದಯ ಇರೋರಿಗೇ ಹೀಗಾಗೋದು ಅತ್ತಿಗೆ. ನನಗೆಲ್ಲ ಬರುತ್ತಾ?” ಎಂದ.

“ನಮ್ಮ ವಂಶದ್ದೇ ಅದು” ಎಂದರು ಗಿಡುಗನ ತಾಯಿ, ಅಳುವಿನ ನಡುವೆಯೂ ಒಂದು ಬಗೆಯ ಹೆಮ್ಮೆಯಿಂದ. “ನಿಮ್ಮ ಮಾವನೋರೂ ಎದೆ ಹಿಡ್ಕೊಂಡೇ ಹೋದ್ರಲ್ಲ.”

“ಕಾಲು ಜಾರಿ ಬಿದ್ದು ಹೋದ್ರು ಅಂದಿದ್ರಲ್ಲ ಅತ್ತೆ?”

“ಎದೆ ಹಿಡ್ಕೊಂಡೇ ಜಾರಿದ್ದು.”

ಅಷ್ಟರಲ್ಲಿ ಹೆಂಡತಿ ಮಗಳ ಕೋಚ್ ಮೇಡಂಗೆ ಫೋನ್ ಮಾಡಿದ್ದಳು. ಆಸ್ಪತ್ರೆಯಿಂದ ಒಪ್ಪಿಗೆ ಬರುವವರೆಗೆ ಹುಡುಗಿಯನ್ನು ನೀರಿಗೆ ಬಿಡುವುದಿಲ್ಲವೆಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಎಲ್ಲರೂ ಹೋದ ಮೇಲೆ ಮಗಳು ಅಪ್ಪನ ಪಕ್ಕ ಬಂದು ಕೂತಳು.

“ಅಪ್ಪಾ, ನೋವಾಗುತ್ತಾ?”

“ಇಲ್ಲ ಪುಟ್ಟಿ.”

“ನಂಗೇನೂ ಬೇಜಾರಿಲ್ಲ. ಆಯ್ಕೆ ಮುಂದಿನ ವರ್ಷಾನೂ ಇರುತ್ತೆ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಇನ್ನೊಂದು ಪೇಚು ಮಾರನೆಯ ದಿನ ಹೊಳೆಯಿತು. ಮಾತ್ರೆ ಮೇಲಿದೆ, ಇವನು ಕೆಳಗಿದ್ದಾನೆ. ಕ್ಯಾಬಿನ್ನಿನಲ್ಲಿ ಬದಲಿ ಆಪರೇಟರು ಅದೇ ಸೀಟಿನ ಮೇಲೆ ಕೂತಿದ್ದಾನೆ. ಇನ್ನೊಂದು ಚೀಟಿ ಬರೆಸಿ ತರೋಣವೆಂದರೆ ಮನೆಯವರು ಬೀದಿಯ ತಿರುವಿನವರೆಗೂ ಒಬ್ಬನನ್ನೇ ಬಿಡುತ್ತಿಲ್ಲ.

ಮಾತ್ರೆ ನಿಂತ ಮೂರನೆಯ ದಿನಕ್ಕೆ ಮೈ ಲೆಕ್ಕ ಕೇಳತೊಡಗಿತು. ತಲೆ ತಿರುಗಿಸಿದರೆ ಒಳಗೆ ಕರೆಂಟು ಹೊಡೆದ ಹಾಗೆ ಚುಳ್ ಎನ್ನುವುದು. ಅಂಗೈಯಲ್ಲಿ ಬೆವರು. ಪಾತ್ರೆ ಬಿದ್ದರೆ ಎದೆ ಝಲ್ಲೆಂದು ಬಾಯಿಗೇ ಬಂದು ಕೂರುವುದು. ಒಂದು ವರ್ಷ ಪಹರೆಯಲ್ಲಿದ್ದ ಭಯವೆಲ್ಲ ಬಾಗಿಲು ಮುರಿದು ಬಂದಂತಿತ್ತು.

“ನೋಡಿ, ಜಾಸ್ತಿಯಾಗ್ತಿದೆ” ಎಂದು ಹೆಂಡತಿ ಅವನ ಎದೆಯ ಮೇಲೆ ಕೈಯಿಟ್ಟುಕೊಂಡೇ ಮಲಗಿದಳು. ಆ ಕೈಯ ಕೆಳಗೆ ಸುಳ್ಳು ಡವಡವ ಬಡಿಯುತ್ತಿತ್ತು.

ದೊಡ್ಡಾಸ್ಪತ್ರೆಗೆ ಹೋದದ್ದು ಆಯ್ಕೆಯ ಹಿಂದಿನ ದಿನ. ತಾಯಿ, ಹೆಂಡತಿ, ಮಗಳು, ಎಲ್ಲರೂ. ಮೊದಲು ಗಿಡುಗನ ಎದೆಗೆ ತಂತಿ, ಆಮೇಲೆ ಮಗಳಿಗೆ, ಮರೆಯಾಚೆ. ಯಂತ್ರದ ಮುಂದೆ ಸದ್ದು ಮಾಡಿದರೆ ಫಲಿತಾಂಶ ಕೆಟ್ಟೀತೆಂದು ಅವಳು ಉಸಿರನ್ನೂ ಕದ್ದು ಬಿಡುತ್ತಿದ್ದುದು ಕೇಳಿಸುತ್ತಿತ್ತು.

ಹೃದಯದ ಡಾಕ್ಟರಮ್ಮ ಮೂರು ಕಾಗದಗಳನ್ನು ಮೇಜಿನ ಮೇಲೆ ಹರಡಿದರು. “ಮಗಳದು ಚೆನ್ನಾಗಿದೆ. ನಿಮ್ಮದೇ ವಿಚಿತ್ರ. ಹೋದ ವಾರ ಉದ್ದವಿದ್ದ ಗೆರೆ ಇವತ್ತು ಸರಿಯಾಗಿದೆ. ಆದ್ರೆ ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಿದೆ.”

“ಸರಿಹೋಯ್ತಲ್ಲ!” ಎಂದರು ತಾಯಿ.

“ಹೀಗೆ ಬಂದು ಹೋಗೋದು ಇನ್ನೂ ಕಷ್ಟ ಅಮ್ಮ. ವಂಶದ ಕಾಯಿಲೆ ಹಾಗೂ ಇರುತ್ತೆ. ರಕ್ತದ ಪರೀಕ್ಷೆ ಬರೋಕೆ ತಿಂಗಳುಗಟ್ಟಲೆ ಆಗ್ಬಹುದು. ಅಲ್ಲೀವರೆಗೂ ಮಗಳು ನೀರಿಗಿಳಿಯೋ ಹಾಗಿಲ್ಲ.” ಡಾಕ್ಟರಮ್ಮ ಪೆನ್ನು ತೆಗೆದರು. “ಮಾತ್ರೆ ಏನೂ ಇಲ್ಲ ತಾನೆ?”

ಮಗಳು ಅಂಗಿಯ ತೋಳು ಸರಿಮಾಡಿಕೊಳ್ಳುತ್ತ ಮರೆಯಿಂದ ಹೊರಬಂದಳು. ಇಲ್ಲ ಎಂಬ ಎರಡಕ್ಷರ ಗಿಡುಗನ ನಾಲಿಗೆಯ ತುದಿಯಲ್ಲಿ ಅಭ್ಯಾಸಬಲದಿಂದ ಬಂದು ನಿಂತಿತು.

“ಇದೆ” ಎಂದ. ದನಿ ತನ್ನದಲ್ಲವೆನಿಸಿತು. “ಖಿನ್ನತೆಗೆ. ಒಂದು ವರ್ಷದಿಂದ. ಈ ವಾರ ಸಿಗಲಿಲ್ಲ, ನಿಂತುಹೋಯ್ತು.”

ಪೆನ್ನು ಕೆಳಗಿಳಿಯಿತು. “ಅದಕ್ಕೇ ಗೆರೆ ಸರಿಹೋಗಿದೆ, ಅದಕ್ಕೇ ಎದೆ ಓಡ್ತಿದೆ! ಈ ಮಾತ್ರೆ ಗಕ್ಕನೆ ನಿಲ್ಲಿಸ್ತಾರೇನ್ರಿ? ಎದೆಗೆ ಒಗ್ಗೋ ಬೇರೆ ಮಾತ್ರೆಗಳಿವೆ, ನಿಮ್ಮ ಮನೋವೈದ್ಯರ ಹತ್ರ ಇವತ್ತೇ ಮಾತಾಡ್ತೀನಿ. ಮೊದಲ ದಿನವೇ ಹೇಳಿದ್ರೆ ಇಷ್ಟೆಲ್ಲ ಇರ್ತಿರ್ಲಿಲ್ಲ.”

“ತಲೆ ಕೆಟ್ಟೋರಿಗೆ ಕೊಡೋದಾ ಅದು?” ತಾಯಿ ಪಿಸುಗುಟ್ಟಿದರು. “ಎದೆದು ಅಲ್ವಾ?” ಆ ದನಿಯಲ್ಲಿ ಏನೋ ಕಳೆದುಕೊಂಡವರ ನಿರಾಸೆಯಿತ್ತು.

ಹೆಂಡತಿ ಅವನನ್ನೇ ನೋಡುತ್ತಿದ್ದಳು. “ಎಲ್ಲಿಟ್ಟಿದ್ರಿ?”

“ಕ್ರೇನಿನಲ್ಲಿ.”

“ನನ್ನಿಂದ ಮುಚ್ಚಿಡೋಕೆ ಅಷ್ಟು ಮೇಲೆ ಹತ್ತಿದ್ರಾ?” ಎಂದವಳು ಮುಖ ತಿರುಗಿಸಿದಳು.

ಕಾರಿಡಾರಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಮಗಳು ಅಮ್ಮನ ಫೋನಿನಿಂದ ಕೋಚ್ ಮೇಡಂಗೆ ಕರೆ ಮಾಡಿ, “ನಂಗೇನೂ ಇಲ್ವಂತೆ ಮೇಡಂ, ಈಜಬಹುದು ಅಂತ ಚೀಟಿ ಕೊಟ್ಟಿದ್ದಾರೆ” ಎಂದಳು. ಆಚೆಯಿಂದ ಪ್ರಶ್ನೆ ಬಂದಿರಬೇಕು. ಅವಳು ತಡವರಿಸಿ, ಫೋನನ್ನು ಅಪ್ಪನತ್ತ ಚಾಚಿದಳು. “ಮತ್ತೆ ಅಪ್ಪಂಗೆ ಏನಾಗಿತ್ತು ಅಂತ ಕೇಳ್ತಿದ್ದಾರೆ. ನೀನೇ ಹೇಳು.”

ಗಿಡುಗ ಹೆಂಡತಿಯ ಕಡೆ ನೋಡಿದ. ಅವಳು ನೆರವಿಗೆ ಬರಲಿಲ್ಲ.

“ಮೇಡಂ, ನನ್ನ ಹೃದಯಕ್ಕೆ ಏನೂ ಆಗಿಲ್ಲ. ನಾನು ಖಿನ್ನತೆಗೆ ಮಾತ್ರೆ ತಗೋತೀನಿ.” ಪಕ್ಕದ ಕುರ್ಚಿಯವರು ತಿರುಗಿ ನೋಡಿದರು. “ಅದನ್ನ ಮುಚ್ಚಿಟ್ಟೆ. ಅದರಿಂದ ಹೀಗಾಯ್ತು.”

“ನೀವು ಮುಚ್ಚಿಟ್ಟಿದ್ದಕ್ಕೆ ಹುಡುಗಿ ಒಂದು ವಾರ ನೀರು ಮುಟ್ಟಿಲ್ಲ.”

“ಹೌದು ಮೇಡಂ.”

“ನಾಳೆ ಅವಳು ಎಷ್ಟು ಹಿಂದೆ ಬೀಳ್ತಾಳೆ ಅಂತ ಅಂದಾಜಿದೆಯಾ ನಿಮಗೆ?”

ಗಿಡುಗ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ಕಳಿಸಿ, ನೋಡೋಣ” ಎಂದು ಅವರು ಫೋನ್ ಇಟ್ಟರು.

ಫೋನು ಅವನ ಬೆವರಿನಿಂದ ಒದ್ದೆಯಾಗಿತ್ತು. ಮಗಳು ಅದನ್ನು ಅಂಗಿಗೆ ಒರೆಸಿ ಅಮ್ಮನ ಚೀಲಕ್ಕೆ ಹಾಕಿದಳು. ಲಿಫ್ಟಿನಲ್ಲಿ ಎಲ್ಲರಿಗೂ ಜಾಗವಿತ್ತು. ಅವಳು ಅಜ್ಜಿಯ ಆಚೆ ಬದಿಗೆ ಹೋಗಿ ನಿಂತು, ಅಮ್ಮನಿಗೆ ಮಾತ್ರ ಹೇಳುವವಳ ಹಾಗೆ, “ನಾಳೆ ಅಪ್ಪ ಬರೋದು ಬೇಡ” ಎಂದಳು.

ಬಾಗಿಲಿಗೆ ಮುಖ ಮಾಡಿ ನಿಂತಿದ್ದ ಗಿಡುಗ, ತಿರುಗದೆಯೇ, “ಸರಿ ಪುಟ್ಟಿ” ಎಂದ.