ಬಲಗಡೆಯ ಚಕ್ರ

ಸದಲಗಾದಲ್ಲಿ ಮಿಕ್ಸರು, ಫ್ಯಾನು ರಿಪೇರಿ ಮಾಡುವ ಶಾಹನವಾಜನಿಗೆ ಒಂದು ಚಟ. ಕೆಟ್ಟದ್ದೇನು ಕಂಡರೂ ನೆಟ್ಟಗೆ ಮಾಡದೆ ಬಿಡುವವನಲ್ಲ. ಆದರೆ ಪಕ್ಕದ ಮನೆಯ ಜ್ಞಾನದೇವ ಕಾಕಾನ ಬಲಗೈ ಅವನ ಸ್ಕ್ರೂಡ್ರೈವರಿಗೆ ಬಗ್ಗುವಂಥದ್ದಾಗಿರಲಿಲ್ಲ.

ಸೇತುವೆ ಆಗುವ ತನಕ ಜನರನ್ನು ತನ್ನ ದೋಣಿಯಲ್ಲಿ ದೂಧಗಂಗೆ ಹೊಳೆ ದಾಟಿಸುತ್ತಿದ್ದವನು ಈ ಕಾಕಾ. ಹೋದ ವರ್ಷ ಲಕವಾ ಹೊಡೆದು ಬಲಗೈ ಬಿದ್ದುಹೋಯಿತು. ಹಿಸುಕಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಮೂಲೆಗೆ ಎಸೆದ. ಹೆಂಡತಿ ಜನಾಬಾಯಿ ಉಣಿಸಲು ಹೋದರೆ ಮುಖ ತಿರುವುತ್ತಿದ್ದ. ಎಡಗೈಯಲ್ಲಿ ತಾನೇ ಉಂಡರೆ ಅರ್ಧ ಅನ್ನ ಎದೆಯ ಮೇಲೆ. ಹಾಗೆಯೇ ಸೊರಗುತ್ತ ಬಂದ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ದೋಣಿ ಇದ್ದಾಗಲೂ ಅವನು ಹಾಗೆಯೇ. ಹೆಂಗಸರು ದೋಣಿಯ ಹುಟ್ಟು ಮುಟ್ಟಬಾರದು ಎಂಬುದು ಅವನ ಅಪ್ಪನ ಕಟ್ಟಳೆ. ನಲವತ್ತು ವರ್ಷ ಹೊಳೆಗೆ ಬುತ್ತಿ ಹೊತ್ತ ಜನಾಬಾಯಿ ಒಂದು ದಿನವೂ ಅದಕ್ಕೆ ಕೈ ಹಚ್ಚಿರಲಿಲ್ಲ.

"ಹಿಂಗ ಉಣ್ಣದ ಕುಂತ್ರ ಇವರು ಉಳಿಯೂದಿಲ್ಲಪಾ," ಎಂದು ಅವಳು ಒಂದು ದಿನ ಅಂಗಡಿಗೆ ಬಂದು ಅತ್ತಳು.

ಅವತ್ತೇ ಶಾಹನವಾಜ ಅಟ್ಟದಿಂದ ಮಗಳು ಅರ್ಶಿಯಾಳ ಹಳೆಯ ರಿಮೋಟ್ ಕಾರನ್ನು ಇಳಿಸಿದ. ರಿಮೋಟಿನ ಎಡಗಡೆಯ ಕಡ್ಡಿ ಒತ್ತಿದರೆ ಎಡಗಡೆಯ ಚಕ್ರ, ಬಲಗಡೆಯ ಕಡ್ಡಿ ಒತ್ತಿದರೆ ಬಲಗಡೆಯದು ತಿರುಗುವಂಥ ಕಾರು ಅದು. ಟೈರು ಕಿತ್ತು, ಎಣ್ಣೆ ಡಬ್ಬಿ ಕತ್ತರಿಸಿ ಚಕ್ರಗಳಿಗೆ ರೆಕ್ಕೆ ಅಂಟಿಸಿದ. ಕೆಳಗೆ ಥರ್ಮಾಕೋಲಿನ ದೋಣಿ ಕೂರಿಸಿದ. ದೋಣಿ ನೆಟ್ಟಗೆ ಹೋಗಬೇಕಾದರೆ ಎರಡೂ ಹೆಬ್ಬೆರಳು ಬೇಕು. ಚೆಂಡು ಹಿಸುಕದ ಕೈ ದೋಣಿಗಾದರೂ ಏಳುತ್ತದೆ ಎಂಬುದು ಅವನ ಲೆಕ್ಕಾಚಾರ.

"ಕಾಕಾ, ಒಂದು ದೋಣಿ ಮಾಡೇನಿ. ಸರಿ ಐತಿಲ್ಲೋ ನೀವ ನೋಡಿ ಹೇಳ್ರಿ," ಎಂದ.

ಆ ಮಾತಿಗೆ ಮಾತ್ರ ಕಾಕಾ ಎದ್ದ. ರಿಕ್ಷಾದಲ್ಲಿ ಮೂವರೂ ಹೊಳೆಗೆ ಬಂದರು. ಜನಾಬಾಯಿ ರೂಢಿಯಂತೆ ಬುತ್ತಿ ಕಟ್ಟಿಕೊಂಡಿದ್ದಳು.

ಮೆಟ್ಟಿಲ ಮೇಲೆ ಕುಳಿತ ಕಾಕಾನ ತೊಡೆಯ ಮೇಲೆ ಶಾಹನವಾಜ ರಿಮೋಟ್ ಇಟ್ಟು ದೋಣಿಯನ್ನು ನೀರಿಗೆ ಬಿಟ್ಟ. ಎಡ ಹೆಬ್ಬೆರಳು ಒತ್ತಿತು. ದೋಣಿ ಗಾಣದ ಎತ್ತಿನಂತೆ ಸುತ್ತತೊಡಗಿತು.

"ಬಲಗಡೀದೂ ಒತ್ತರಿ, ಕಾಕಾ."

ಕಾಕಾನ ಹಣೆ ಬೆವರಿತು. ಬಲ ಹೆಬ್ಬೆರಳನ್ನು ಊರಲು ನೋಡಿದ, ಆದರೆ ಕಡ್ಡಿ ಅಲುಗಲಿಲ್ಲ. ದೋಣಿ ಸುತ್ತುತ್ತಲೇ ಸೆಳವಿನ ಕಡೆ ಜರುಗಿತು. ಮುದುಕನನ್ನು ಅವನ ಹೊಳೆಯ ಮುಂದೆಯೇ ಸೋಲಿಸಿಬಿಟ್ಟೆನಲ್ಲ ಎಂದು ಶಾಹನವಾಜ ತನ್ನನ್ನೇ ಶಪಿಸಿಕೊಂಡ. ನೀರಿಗಿಳಿದು ದೋಣಿ ಹಿಡಿಯಲು ಪ್ಯಾಂಟು ಮಡಚಿದ.

"ನಿಂದರು," ಎಂದ ಕಾಕಾ. ಅವನ ಕಣ್ಣು ದೋಣಿಯ ಮೇಲೇ ಇತ್ತು. ತಿರುಗಿ ನೋಡದೆಯೇ ಹೆಂಡತಿಯನ್ನು ಕರೆದ. "ಇಲ್ಲಿ ಬಾ. ಬಲಗಡೀದು ನೀ ಹಿಡಿ."

ಜನಾಬಾಯಿ ಕದಲಲಿಲ್ಲ. "ನಾ ಮುಟ್ಟಬಾರದಲ್ರೀ?"

"ಅದು ನಮ್ಮಪ್ಪನ ಮಾತು. ದೋಣಿ ಹೋಗಾಕತ್ತೈತಿ, ಬಾ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಅವನ ಬಲಕ್ಕೆ ಒತ್ತಿ ಕುಳಿತಳು.

"ಒತ್ತು," ಎಂದ ಕಾಕಾ. "ಬಿಡು. ಸೆಳವ ಅದನ್ನ ತಿರುಗಿಸ್ಲಿ. ಹಾಂ, ಈಗ ಇಬ್ಬರೂ ಕೂಡಿ."

ದೋಣಿ ಮೂತಿ ತಿರುಗಿಸಿ, ಓರೆಯಾಗಿ ಸೆಳವು ಕಡಿಯುತ್ತ ಮೆಟ್ಟಿಲಿಗೆ ಬಂದು ತಾಗಿತು. ಶಾಹನವಾಜ ಅದನ್ನೆತ್ತಿ ಒರೆಸುತ್ತ ಕುಳಿತ. ಒರೆಸಿದಷ್ಟೂ ಅವನ ಕಣ್ಣೇ ಒದ್ದೆಯಾಗುತ್ತಿತ್ತು.

ಜನಾಬಾಯಿ ಬುತ್ತಿ ಬಿಚ್ಚಿದಳು. ಜೋಳದ ಭಕ್ರಿ ಮುರಿದು, ಕಡಲೆಹಿಟ್ಟಿನ ಝುಣಕ ಹಚ್ಚಿ, ಅಂಜುತ್ತಲೇ ತುತ್ತು ಮುಂದೆ ಹಿಡಿದಳು. ಕಾಕಾ ಒಮ್ಮೆ ಹೊಳೆಯನ್ನು ನೋಡಿದ, ಒಮ್ಮೆ ಅವಳ ಕೈಯನ್ನು ನೋಡಿದ. ಆಮೇಲೆ ಬಾಯಿ ತೆರೆದ.

"ಉಪ್ಪು ಕಡಿಮಿ ಆಗೈತಿ," ಎಂದ, ನಿಧಾನವಾಗಿ ಜಗಿಯುತ್ತ. "ಇನ್ನೊಂದು ತುತ್ತು ಕೊಡು."